ಬಾಣಂತಿ ಕೋಣೆಯ ಕಿಟಕಿ

ಬಟವಾಡಿಯ ಅಡ್ಡರಸ್ತೆಯೊಂದರಲ್ಲಿ ಕಲ್ಲಮ್ಮನವರ ಮನೆ. ಗಂಡ ಏಕಾಂತಯ್ಯ, ಮಗ ಉದಯಕುಮಾರ್, ಬಾಣಂತನಕ್ಕೆ ಬಂದಿರುವ ಮಗಳು ಪಲ್ಲವಿ, ಅವಳ ಇಪ್ಪತ್ತು ದಿನದ ಕೂಸು. ಮರುದಿನವೇ ಕೂಸಿಗೆ ಲಿಂಗಧಾರಣೆ. ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆಂದು ಮಠದ ಅಯ್ಯನವರು ಹೇಳಿಕಳಿಸಿದ್ದರು.

ಹಾಗಿರುವಾಗ ಹಿಂದಿನ ದಿನ ಬೆಳಿಗ್ಗೆಯೇ ಬಚ್ಚಲ ಜಾಲರಿಯೊಳಗೆ ಗುಳುಗುಳು ಸದ್ದಾಯಿತು. ಏನೆಂದು ಬಗ್ಗಿ ನೋಡುವಷ್ಟರಲ್ಲಿ ಕಕ್ಕಸಿನ ನೀರು ಉಕ್ಕಿ ಬಚ್ಚಲು ತುಂಬಿ ನಡುಮನೆಗೂ ಹರಿಯಿತು. ಬಚ್ಚಲಿನ ಪಕ್ಕದ್ದೇ ಬಾಣಂತಿ ಕೋಣೆ. ಹೊಸ್ತಿಲು ಎತ್ತರವಿತ್ತು, ನೀರು ಒಳಗೆ ಹೋಗಲಿಲ್ಲ. ನಾತ ಹೋಯಿತು. ನಾತಕ್ಕೆ ಯಾವ ಹೊಸ್ತಿಲು?

ಉದಯಕುಮಾರ್ ಪಾಲಿಕೆಗೆ ಫೋನ್ ಮಾಡಿದ. ಮಧ್ಯಾಹ್ನದ ಹೊತ್ತಿಗೆ ಮಷೀನ್ ಗಾಡಿ ಬಂದು ಬೀದಿಯ ಒಳಚರಂಡಿ ಚೇಂಬರಿನಲ್ಲಿ ಕಟ್ಟಿಕೊಂಡಿದ್ದನ್ನು ಬಿಡಿಸಿತು. ನೀರು ಇಳಿಯಿತು, ನೆಲದ ಮೇಲೆ ಕರಿ ರಾಡಿ ಉಳಿಯಿತು. ರಾಡಿ ಬಳಿಯುವ ಮೊದಲೇ ಕಲ್ಲಮ್ಮ ಹೋಗಿ ಕಿಟಕಿಗಳನ್ನೆಲ್ಲ ಹಾಕಿದರು.

"ಅಮ್ಮ, ಉಸ್ರು ಕಟ್ತೈತೆ, ಒಂದ್ ಕಿಟ್ಕಿನಾದ್ರೂ ತೆಗಿಯಮ್ಮ," ಎಂದಳು ಪಲ್ಲವಿ.

"ಬಾಣಂತಿಗೆ ಗಾಳಿ ತಾಗಿದ್ರೆ ಏನೇ ಗತಿ? ಕಿವೀಲಿ ಹತ್ತಿ ಇಟ್ಕೊಂಡಿದೀಯಾ ಇಲ್ವಾ? ನಾತ ಬೀದಿಗೆಲ್ಲಾ ಹೋಗಿ ನಾಳೆ ಅಯ್ನೋರ ಕಿವಿಗೆ ಬಿದ್ರೆ?"

ಗುಬ್ಬಿಯ ನಾದಿನಿಗೆ ಫೋನ್ ಹೋಯಿತು. "ಅತ್ಗೆ, ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಬಾಗ್ಲು ಮುಚ್ಬಿಡಿ. ಎಂಥಾ ನಾತಾನೂ ಓಡೋಗ್ತದೆ," ಅಂದಳು ಆಕೆ. ಕಲ್ಲಮ್ಮ ಹಾಗೇ ಮಾಡಿದರು. ಎದುರಿಗಿದ್ದವರ ಮುಖ ಕಾಣದಷ್ಟು ಹೊಗೆ ತುಂಬಿತು.

ಏಕಾಂತಯ್ಯ ಕಣ್ಣೊರೆಸಿಕೊಂಡರು. "ಇಷ್ಟೊತ್ತು ನಾತ ಒಬ್ನೇ ಇದ್ದ. ಈಗ ಅವ್ನಿಗೊಬ್ಬ ಜೊತೆಗಾರ ಬಂದವ್ನೆ, ಬುಡು."

"ನೀವ್ ಸುಮ್ಕಿರಿ. ಒಂದ್ ಬಕೆಟ್ ಎತ್ಕೊಡೋರಿಲ್ಲ, ಮಾತಿಗೇನ್ ಕಮ್ಮಿ?"

ಪಕ್ಕದ ಮನೆಯವರು ಬ್ಲೀಚಿಂಗ್ ಪೌಡರ್ ಚೆಲ್ಲಿ ಎಂದರು. ಚೆಲ್ಲಿದ್ದಾಯಿತು. ಕುಣಿಗಲ್ಲಿನ ಅಕ್ಕ ಫೋನಿನಲ್ಲೇ ನಕ್ಕಳು. "ಬರೀ ಪೌಡ್ರು ಏನ್ ಸಾಕಾಗ್ತದೆ ಕಲ್ಲೀ? ಅದ್ರ ಮ್ಯಾಲೆ ಕಕ್ಕಸ್ ತೊಳಿಯೋ ಆಸಿಡ್ ಹುಯ್ಯಿ. ಬುರ್ ಅಂತ ನೊರೆ ಬಂದ್ರೆ ನಾತ ಸತ್ತಂಗೆ."

ಅಷ್ಟರಲ್ಲಿ ಉದಯಕುಮಾರ್ ಒಂದು ಪೆಟ್ಟಿಗೆ ಹಿಡಿದು ಬಂದ. "ಓಝೋನ್ ಮಷೀನ್ ಅಮ್ಮ. ಕಾರ್ ತೊಳಿಯೋ ಫ್ರೆಂಡ್ ಕೊಟ್ಟ. ಒಂದ್ ಗಂಟೆ ಹಾಕಿದ್ರೆ ಗಾಳಿ ಫುಲ್ ಕ್ಲೀನ್."

ಕಲ್ಲಮ್ಮನವರ ತಲೆ ಗಿರ್ರೆಂದಿತು. ಗುಬ್ಬಿಯವಳ ಮಾತೋ, ಕುಣಿಗಲ್ಲಿನವಳ ಮಾತೋ, ಮಗನ ಪೆಟ್ಟಿಗೆಯೋ? ಯಾರದು ಸರಿ? ಯಾರದು ಮೊದಲು? ಕೊನೆಗೆ, ಎಲ್ಲವನ್ನೂ ಮಾಡಿಬಿಟ್ಟರೆ ಯಾವುದಾದರೂ ಒಂದು ಹಿಡಿಯುತ್ತದೆ ಎಂದುಕೊಂಡು, ಬಚ್ಚಲಲ್ಲಿ ಚೆಲ್ಲಿದ್ದ ಪೌಡರಿನ ಮೇಲೆ ಆಸಿಡ್ ಬಾಟಲಿ ಬಗ್ಗಿಸಿದರು.

ಬುರ್ ಎಂದು ನೊರೆ ಬಂತು ನಿಜ. ಅದರ ಜೊತೆಗೇ ಮೂಗಿಗೆ ಮೆಣಸಿನಪುಡಿ ಎರಚಿದಂಥ ಘಾಟು. ಕಣ್ಣು ಉರಿಯಿತು, ಗಂಟಲು ಹಿಡಿದುಕೊಂಡಿತು. ಒಳಗೆ ಅಳುತ್ತಿದ್ದ ಕೂಸು ಅಳು ನಿಲ್ಲಿಸಿ ಕೆಮ್ಮತೊಡಗಿತು.

ಆ ಗಲಾಟೆಗೆ ಎದುರು ಮನೆಯಿಂದ ಶಾರದ ಓಡಿಬಂದಳು. ಆ ಬೀದಿಯ ಆಶಾ ಕಾರ್ಯಕರ್ತೆ ಅವಳೇ.

"ಎಲ್ರೂ ಆಚೆ ಬನ್ನಿ! ಏನೂ ತಗೊಳ್ಳೋಕ್ ನಿಲ್ಬೇಡಿ. ಪಲ್ಲವೀ, ಕೂಸು ಎತ್ಕೊಂಡ್ ಬಾ!"

ಕಲ್ಲಮ್ಮ ಕೆಮ್ಮುತ್ತಲೇ ಬಾಗಿಲಿಗೆ ಕೈ ಅಡ್ಡ ಹಿಡಿದರು. "ಹಸಿ ಬಾಣಂತಿ ಹೊಸ್ಲು ದಾಟ್ಬಾರ್ದು ಕಣವ್ವ. ಗಾಳಿ ತಾಗ್ತದೆ."

"ಒಳಗಿರೋ ಗಾಳಿ ತಾಗ್ತಾ ಇಲ್ವಾ ಕಲ್ಲಮ್ಮಾರೇ? ಆ ಕೆಮ್ಮು ಕೇಳಿಸ್ತಿಲ್ವಾ?"

ಕೂಸು ಮತ್ತೆ ಕೆಮ್ಮಿತು. ಕಲ್ಲಮ್ಮನವರ ಕೈ ತಾನಾಗಿ ಇಳಿಯಿತು. "ನಡಿಯವ್ವ, ನಡಿ," ಎಂದು ಸೆರಗನ್ನೇ ಕೂಸಿನ ತಲೆಗೆ ಹೊದಿಸಿ ಹೊರಗೆ ಕಳಿಸಿದರು.

ಶಾರದ ತಡಮಾಡದೆ ಆಟೋದಲ್ಲಿ ತಾಯಿ, ಮಗು, ಅಜ್ಜಿ ಮೂವರನ್ನೂ ಕ್ಲಿನಿಕ್ಕಿಗೆ ಕರೆದೊಯ್ದಳು. ಡಾಕ್ಟರು ಕೂಸಿನ ಎದೆ ಪರೀಕ್ಷಿಸಿ, ಸದ್ಯಕ್ಕೆ ತೊಂದರೆಯಿಲ್ಲ ಎಂದರು. ಉಸಿರು ಜೋರಾದರೆ, ಹಾಲು ಕುಡಿಯದಿದ್ದರೆ ತಕ್ಷಣ ಕರೆತನ್ನಿ, ಮನೆ ತೊಳೆದು ಒಣಗುವವರೆಗೆ ಇಬ್ಬರೂ ಅಲ್ಲಿರುವುದು ಬೇಡ ಎಂದರು. ತಾಯಿ ಮಗು ಶಾರದಳ ಮನೆ ಸೇರಿದರು.

ಕಲ್ಲಮ್ಮ ತಮ್ಮ ಮನೆಯ ಜಗಲಿಯ ಮೇಲೆ ಕೂತು ಶಾರದಳನ್ನು ಕೇಳಿದರು. "ನಾನ್ ಮಾಡಿದ್ದು ಶುದ್ಧ ಮಾಡೋಕೇ ಅಲ್ವೇನವ್ವಾ? ಎಲ್ಲಿ ತಪ್ಪಾಯ್ತು?"

"ಬ್ಲೀಚಿಂಗೂ ಆಸಿಡ್ಡೂ ಸೇರಿದ್ರೆ ವಿಷದ ಗಾಳಿ ಬರ್ತದೆ ಅಮ್ಮ. ಬ್ಲೀಚಿಂಗ್ ಜೊತೆ ಫಿನಾಯ್ಲೂ ಬೇಡ, ಇನ್ ಯಾವ್ದೂ ಬೇಡ."

"ಸಾಂಬ್ರಾಣಿ? ಅದು ದೇವ್ರ ಮನೇಲೇ ಹಾಕ್ತೀವಲ್ಲ?"

"ಪೂಜೆಗೆ ಹಾಕಿ, ಬೇಡ ಅನ್ನಲ್ಲ. ಕೊಳೆ ಹಂಗೇ ಬಿದ್ದಿರುವಾಗ ಹೊಗೆ ಹಾಕಿದ್ರೆ ನಾತ ಅಡಗ್ತದೆ, ಕೊಳೆ ಎಲ್ಲಿಗೂ ಹೋಗಲ್ಲ. ಕೂಸಿನ ಎದೆಗೆ ಹೊಗೆ ಬೇರೆ. ಕೊಳಚೆ ಗಾಳಿಗೆ ಬೆಂಕಿ ಹತ್ತೋದೂ ಉಂಟು, ಕೆಂಡ ಇಡ್ಬಾರ್ದು."

ಉದಯಕುಮಾರ್ ಪೆಟ್ಟಿಗೆಯನ್ನು ಮುಂದೆ ಸರಿಸಿದ. "ಇದಾದ್ರೂ ಹಾಕ್ಬೋದಲ್ವಾ ಅಕ್ಕ?"

"ಆ ಓಝೋನೇ ಎದೆಗೆ ಕೆಟ್ಟದು ಕಣೋ. ರಾಡಿ ಬಳಿಯೋಕೆ ಬೇಜಾರು, ಅದಕ್ಕೊಂದ್ ಮಷೀನು! ವಾಪಸ್ ಕೊಟ್ಟು ಪೊರಕೆ ಹಿಡಿ, ನಡಿ."

ಏಕಾಂತಯ್ಯ ನಕ್ಕುಬಿಟ್ಟರು. "ನೀವೂ ಅಷ್ಟೇ ಅಯ್ಯಾ, ನಿಮ್ಗೂ ಒಂದ್ ಪೊರಕೆ ಐತೆ," ಎಂದಳು ಶಾರದ.

ಮುಂಬಾಗಿಲು, ಹಿತ್ತಲ ಬಾಗಿಲು ತೆರೆದಿಟ್ಟು, ಘಾಟು ಪೂರ್ತಿ ಹೋಗುವವರೆಗೆ ಯಾರನ್ನೂ ಅವಳು ಒಳಗೆ ಬಿಡಲಿಲ್ಲ. ಆಮೇಲೆ ಹೊರಗಿನ ಮೀಟರ್ ಬೋರ್ಡಿನಲ್ಲಿ ಮೇನ್ ಸ್ವಿಚ್ ಆಫ್ ಮಾಡಿಸಿದಳು. ಒದ್ದೆ ಕೈಯಲ್ಲಿ, ಒದ್ದೆ ನೆಲದಲ್ಲಿ ನಿಂತು ಯಾವ ಸ್ವಿಚ್ಚನ್ನೂ ಮುಟ್ಟಬಾರದು ನೋಡಿ. ಕಿಟಕಿಗಳೆಲ್ಲ ತೆರೆದವು; ಬಾಣಂತಿ ಕೋಣೆಯ ಕಿಟಕಿಯೂ ತೆರೆಯಿತು. ಅಪ್ಪ ಮಗ ರಬ್ಬರ್ ಗ್ಲೌಸು, ಗಂಬೂಟು, ಮಾಸ್ಕು ಹಾಕಿಕೊಂಡರು. ಬಚ್ಚಲಲ್ಲಿ ಬೆರೆತುಹೋಗಿದ್ದ ಪೌಡರು ಆಸಿಡ್ಡನ್ನು ದೂರದಿಂದಲೇ ಪೈಪಿನಲ್ಲಿ ಹೇರಳ ನೀರು ಬಿಟ್ಟು ತೊಳೆದರು. ರಾಡಿಯನ್ನು ಹಸಿಯಿರುವಾಗಲೇ ಬಳಿದರು. ಒಣಗಿದರೆ ಅದೇ ಧೂಳಾಗಿ ಮೂಗಿಗೆ ಬರುತ್ತದೆ, ಅದಕ್ಕೇ ಕರೆಂಟ್ ಇದ್ದರೂ ಆಗ ಫ್ಯಾನ್ ಹಾಕಬಾರದು. ನಡುಮನೆಯಲ್ಲಿ ನೆನೆದಿದ್ದ ಹತ್ತಿಹಾಸಿಗೆಯನ್ನು ಎಸೆಯಲು ಕಲ್ಲಮ್ಮ ಬಹಳ ಹೊತ್ತು ಒಪ್ಪಲಿಲ್ಲ.

"ಬಿಸ್ಲಿಗೆ ಹಾಕಿದ್ರೆ ಆಗಲ್ವಾ?"

"ಒಳಗೆ ಕುಡ್ದಿರೋ ಕೊಳಚೆ ಬಿಸ್ಲಿಗೆ ಹೋಗ್ತದಾ ಅಮ್ಮ?"

ಹಾಸಿಗೆ ಹೋಯಿತು. ನೆಲವನ್ನೂ ಗೋಡೆಯ ಬುಡವನ್ನೂ ಸೋಪಿನ ನೀರಿನಲ್ಲಿ ಉಜ್ಜಿ, ಆ ಸೋಪು ಹೋಗುವಂತೆ ತೊಳೆದರು. ಅದಾದ ಮೇಲೆ, ಪ್ಯಾಕೆಟ್ಟಿನ ಮೇಲಿನ ಅಳತೆಯಂತೆ ಬರೀ ನೀರಿನಲ್ಲಿ ಕಲಸಿದ ಬ್ಲೀಚಿಂಗ್ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ತೊಳೆದು ಒಣಗಲು ಬಿಟ್ಟರು. ನೆಲ ಶುದ್ಧವಾಗಿ ನೀರು ಬಸಿದ ಮೇಲೆಯೇ ಮೇನ್ ಸ್ವಿಚ್ ಹಾಕಿದ್ದು, ಫ್ಯಾನ್ ತಿರುಗಿದ್ದು.

ಸಂಜೆಯಾಯಿತು. ನಾತ ಅರ್ಧಕ್ಕರ್ಧ ಇಳಿದಿತ್ತು, ಗೋಡೆಯ ಬುಡ ಮಾತ್ರ ಇನ್ನೂ ತೇವ. ಒಣಗಲು ಎರಡು ಮೂರು ದಿನ ಬೇಕು ಎಂದಳು ಶಾರದ. ಕಲ್ಲಮ್ಮನವರಿಗೆ ಮತ್ತೆ ಗೊಂದಲ. ನಾಳೆ ಹತ್ತಕ್ಕೆ ಅಯ್ಯನವರು ಬಂದೇ ಬರುತ್ತಾರೆ. ಕೂಸನ್ನು ಒಂದು ಗಳಿಗೆ ಈ ಮನೆಗೆ ತಂದರೆ ಏನಾದೀತು? ತರದಿದ್ದರೆ ಜನ ಏನೆಂದಾರು? ಫೋನನ್ನು ಎತ್ತಿದರು, ಇಟ್ಟರು. ಮತ್ತೆ ಎತ್ತಿದರು.

"ಅಯ್ನೋರೇ, ಶರಣು. ನಮ್ಮನೇಲಿ ಕಕ್ಕಸ್ ನೀರು ಉಕ್ಕಿತ್ತು. ತೊಳ್ದಿದೀವಿ. ಆದ್ರೂ ಗಾಳಿ ಇನ್ನೂ ಸರಿ ಹೋಗಿಲ್ಲ. ಕೂಸಿಗೆ ಬೇಡ ಅನ್ಸ್ತದೆ. ನಾಳೆದು ಮುಂದಕ್ಕೆ ಹಾಕ್ಲಾ?"

"ಕೂಸು ಈಗ ಎಲ್ಲೈತಮ್ಮ?"

"ಎದುರು ಮನೇಲಿ. ಒಂದೇ ಕೋಣೆ ಬಾಡ್ಗೆ ಮನೆ ಅಯ್ನೋರೇ."

"ಲಿಂಗ ಕಟ್ಟೋದು ಕೂಸಿಗೆ ತಾನೇ? ಅದು ಎಲ್ಲೈತೋ ಅಲ್ಲಿಗೇ ಬರ್ತೀನಿ."

ಮರುದಿನ ಹತ್ತಕ್ಕೆ ಶಾರದಳ ಒಂದೇ ಕೋಣೆಯಲ್ಲಿ, ಬಾಗಿಲಾಚೆ ನೆಂಟರು ನಿಂತಿರುವಾಗ, ಕೂಸಿಗೆ ಲಿಂಗಧಾರಣೆಯಾಯಿತು. ಕೂಸು ಒಂದು ಸಲವೂ ಕೆಮ್ಮಲಿಲ್ಲ. ಅಜ್ಜಿಯ ಮಡಿಲಲ್ಲಿ ಆಕಳಿಸಿ ನಿದ್ದೆ ಹೋಯಿತು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕಕ್ಕಸು ಉಕ್ಕುವುದು ನಾಚಿಕೆಯ ವಿಷಯವಲ್ಲ. ಅದನ್ನು ಮುಚ್ಚಿಡಲು ಹೋಗಿ ಕಿಟಕಿ ಮುಚ್ಚಬೇಡಿ. ಮಕ್ಕಳು, ಬಾಣಂತಿಯರು, ಮುದುಕರು, ಉಬ್ಬಸದವರು ಇದ್ದರೆ ಮೊದಲು ಅವರನ್ನು ಬೇರೆ ಕಡೆ ಕಳಿಸಿ. ಚೇಂಬರಿನೊಳಗೆ ಯಾರನ್ನೂ ಇಳಿಸಬೇಡಿ, ಜೀವ ಹೋಗುತ್ತದೆ. ಮಷೀನ್ ಗಾಡಿ ಕರೆಸಿ. ಉಸಿರಾಟಕ್ಕೆ ತೊಂದರೆಯಾದರೆ 108ಕ್ಕೆ ಫೋನ್ ಮಾಡಿ. ಹತ್ತು ಜನ ಹತ್ತು ಮಾತು ಹೇಳುತ್ತಾರೆ, ತಲೆ ಕೆಡುವುದು ಸಹಜ. ಆಗ ಹತ್ತನ್ನೂ ಒಟ್ಟಿಗೆ ಮಾಡಲು ಹೋಗಬೇಡಿ. ಬಾಗಿಲು ತೆರೆದು ಆಚೆ ಬನ್ನಿ, ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಕೂಗಿ ಕೇಳಿ.