ಪ್ಲಾಸ್ಟಿಕ್ ಹೊದ್ದ ಕುರ್ಚಿಗಳು

ದಿಂಬಿನ ಕವರಿನ ಮೂರನೆಯ ಅಂಚು ಹೊಲಿಯುತ್ತಿದ್ದೆ. ಮೂಲೆಯಲ್ಲಿ ಕೂತಿದ್ದ ಮಗಳ ಎಡಗೈ ಮೇಲೆದ್ದಿತು. ಪೆಡಲಿನಿಂದ ಕಾಲೆತ್ತಿದೆ. ಹೊಲಿಗೆ ಯಂತ್ರ ನಿಂತಿತು.

“ಪ್ರೆಸೆಂಟ್ ಮೇಡಂ,” ಎಂದಳು ಫೋನಿಗೆ.

ಇದು ನಮ್ಮಿಬ್ಬರ ಒಪ್ಪಂದ. ಅವಳ ಕಾಲೇಜಿನ ಹಳೆಯ ಕಟ್ಟಡದ ಚಾವಣಿ ಸೋರುತ್ತಿದೆಯೆಂದು ದುರಸ್ತಿಗೆ ಹಿಡಿದು ನಾಲ್ಕು ತಿಂಗಳಾಯಿತು. ಅಂದಿನಿಂದ ಪಾಠವೆಲ್ಲ ಫೋನಿನಲ್ಲೇ. ನಮ್ಮದು ಒಂದೇ ಕೋಣೆಯ ಮನೆ. ಒಂದು ಗೋಡೆಗೆ ನನ್ನ ಯಂತ್ರ, ಎದುರು ಮೂಲೆಯಲ್ಲಿ ಅವಳು, ಅವಳ ಬೆನ್ನ ಹಿಂದೆ ಚಾಪೆಯ ಮೇಲೆ ಅವಳಪ್ಪ. ಅವರು ಅದೇ ಕಾಲೇಜಿನ ರಾತ್ರಿ ಕಾವಲುಗಾರರು. ಬೆಳಿಗ್ಗೆ ಏಳಕ್ಕೆ ಬಂದು ಮಲಗುತ್ತಾರೆ. ಗಂಡ ನಿದ್ದೆ ಮಾಡಬೇಕು, ಮಗಳು ಓದಬೇಕು, ನಾನು ಹೊಲಿಯಬೇಕು. ಎಲ್ಲವೂ ಅದೇ ಹೊತ್ತಿಗೆ, ಅದೇ ನಾಲ್ಕು ಗೋಡೆಯೊಳಗೆ. ಅದಕ್ಕೇ ಅವಳು ಮಾತಾಡುವಾಗ ಎಡಗೈ ಎತ್ತುತ್ತಾಳೆ, ನಾನು ಕಾಲೆತ್ತುತ್ತೇನೆ.

ಆದರೆ ಆ ಕೈ ಹಾಜರಿಗೆ ಬಿಟ್ಟು ಇನ್ನಾವುದಕ್ಕೂ ಏಳುವುದಿಲ್ಲ. ಚಿಕ್ಕಂದಿನಲ್ಲಿ ‘ಯಾಕೆ, ಹೇಗೆ’ ಎಂದು ನನ್ನ ತಲೆ ತಿನ್ನುತ್ತಿದ್ದ ಹುಡುಗಿ. ಅವಳ ಚಿಲಿಪಿಲಿಗೆ ಗುಬ್ಬಿ ಎಂದು ಕರೆದವಳೂ ನಾನೇ. ಈ ನಾಲ್ಕು ತಿಂಗಳಲ್ಲಿ ಒಂದು ಪ್ರಶ್ನೆಯನ್ನೂ ಕೇಳಿಲ್ಲ.

ಆ ಬೆಳಿಗ್ಗೆ ಹಾಜರಿ ಹೇಳಿದ ಮೇಲೂ ಕೈ ಕೆಳಗಿಳಿಯಲಿಲ್ಲ.

“ಕ್ಯಾಮೆರಾ ಹಾಕಮ್ಮ,” ಎಂದಿತು ಫೋನಿನಿಂದ ಮೇಡಂ ದನಿ. “ನಾಲ್ಕು ತಿಂಗಳಿಂದ ಕಪ್ಪು ಚೌಕಕ್ಕೆ ಪಾಠ ಮಾಡ್ತಿದೀನಿ. ಅಲ್ಲಿ ನೀನಿದೀಯೋ, ನಿಮ್ಮನೆ ಬೆಕ್ಕಿದೆಯೋ ಯಾರಿಗೆ ಗೊತ್ತು?”

ಯಾರೋ ಕಿಸಕ್ಕೆಂದರು. ಮಗಳ ಕಿವಿ ಕೆಂಪಾಯಿತು.

“ಮೇಡಂ, ಮನೇಲಿ ಸ್ವಲ್ಪ...”

“ಸ್ವಲ್ಪ ಏನು? ದಿನಾ ಹಿಂದುಗಡೆ ಮಿಷನ್ ಸದ್ದು ಬೇರೆ. ಇನ್ನೊಂದು ರೂಮಿಗೆ ಹೋಗು. ಇವತ್ತಿಂದ ಮುಖ ಕಾಣಿಸದವರಿಗೆ ಹಾಜರಿ ಇಲ್ಲ. ಹಾಜರಿ ಇಲ್ಲದವರಿಗೆ ಪರೀಕ್ಷೆ ಇಲ್ಲ. ಆಮೇಲೆ ಅತ್ಕೊಂಡು ಬರ್ಬೇಡಿ.”

ನನ್ನ ಮೈಯೆಲ್ಲ ಉರಿದುಹೋಯಿತು. ಇನ್ನೊಂದು ರೂಮಂತೆ! ನಮ್ಮ ಬಾಗಿಲು ದಾಟಿದರೆ ಬೀದಿ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಸೂಜಿಗೆ ದಾರ ಪೋಣಿಸಲು ಹೋದೆ. ಮೂರು ಸಲ ತಪ್ಪಿತು. ನೆಟ್‌ವರ್ಕ್ ಕೈಕೊಟ್ಟ ದಿನಗಳಲ್ಲೇ ಅವಳ ಹಾಜರಿ ಸಾಕಷ್ಟು ಹೋಗಿತ್ತು. ಇನ್ನೆರಡು ದಿನ ತಪ್ಪಿದರೆ ಈ ವರ್ಷ ಪರೀಕ್ಷೆಗೆ ಕೂರುವ ಹಾಗಿಲ್ಲ.

ಪಾಠ ಮುಗಿದಾಗ ಇವರೂ ಎದ್ದು ಕೂತಿದ್ದರು. ನಿದ್ದೆ ಎಲ್ಲಿಂದ ಬರಬೇಕು?

“ನಾನು ಹೊರಗೆ ಮೆಟ್ಟಿಲ ಮೇಲೆ ಮಲಗ್ತೀನಿ ಬಿಡು, ಗುಬ್ಬಿ. ನೀನು ಕ್ಯಾಮೆರಾ ಹಾಕ್ಕೋ.”

“ಮೆಟ್ಟಿಲ ಮೇಲೆ ಮಲಗಿದ್ರೆ ಜನ ನಿನ್ನ ಬಾಯಿಗೆ ನೀರು ಬಿಡ್ತಾರಪ್ಪಾ, ಹೋದ ಅಂತ,” ಎಂದಳು. ನಗಿಸುವ ಮಾತನ್ನು ನಗದೆ ಹೇಳಿದಳು.

“ನಿಮ್ಮ ಕಾಲೇಜಲ್ಲಿ ಕೂರೋಕೆ ಒಂದು ಜಾಗಾನೂ ಇಲ್ವಾ?” ಎಂದೆ ನಾನು.

ಇವರು ಪಕ್ಕೆ ಕೆರೆದುಕೊಂಡರು. ಆಮೇಲೆ ಹೇಳಿದರು. “ಇದೆ. ಹೊಸ ರೀಡಿಂಗ್ ಹಾಲ್. ಅರವತ್ತು ಕುರ್ಚಿ, ಮೇಜಿಗೊಂದೊಂದು ದೀಪ, ವೈಫೈ. ದುರಸ್ತಿ ನಡೀತಿರೋ ಕಟ್ಟಡಕ್ಕೂ ಅದಕ್ಕೂ ಸಂಬಂಧಾನೇ ಇಲ್ಲ, ಗೇಟಿನ ಪಕ್ಕಕ್ಕಿದೆ. ಕುರ್ಚಿ ಮೇಲಿನ ಪ್ಲಾಸ್ಟಿಕ್ಕೇ ಇನ್ನೂ ತೆಗೆದಿಲ್ಲ. ತಪಾಸಣೆ ಸಮಿತಿಯೋರು ಬಂದು ನೋಡೋವರೆಗೂ ಹೊಸದಾಗೇ ಇರ್ಬೇಕಂತೆ. ರಾತ್ರಿಯಿಡೀ ಲೈಟ್ ಹಾಕ್ಕೊಂಡು, ಕಣ್ಣಿಗೆ ಎಣ್ಣೆ ಬಿಟ್ಕೊಂಡು ನಾನು ಕಾಯೋದು ಅದನ್ನೇ.”

“ಅಂದ್ರೆ ನೀವು ಕಾಯ್ತಿರೋದು ಕುರ್ಚಿಗಳ್ನ!”

“ಹೂಂ ಕಣೆ. ಮಕ್ಕಳು ಕೂತುಬಿಟ್ಟಾರು ಅಂತ.”

ಯಾರಿಗೂ ನಗು ಬರಲಿಲ್ಲ.

ಹನ್ನೊಂದಕ್ಕೆ ಪ್ರಿನ್ಸಿಪಾಲರ ಸಭೆ ಇತ್ತು. ವಿದ್ಯಾರ್ಥಿಗಳ ಕ್ಷೇಮ ವಿಚಾರಿಸುವ ಸಭೆಯಂತೆ, ಫೋನಿನಲ್ಲೇ. ಮಗಳು ಫೋನಿನ ದನಿ ಜೋರು ಮಾಡಿ ನಮಗೂ ಕೇಳಿಸುವಂತೆ ಇಟ್ಟಳು. ನಾನು ಸದ್ದಾಗದಂತೆ ನಿಧಾನವಾಗಿ ತುಳಿಯುತ್ತಾ ಹೊಲಿದೆ.

“ಕ್ಷೇಮದ ಫಾರಂಗಳನ್ನೆಲ್ಲ ನೋಡಿದೆ,” ಎಂದರು ಪ್ರಿನ್ಸಿಪಾಲರು, ಊಟ ಮಾಡಿ ಎದ್ದವರ ಹಾಗೆ ಹಾಯಾಗಿ. “ಓದಲು ಪ್ರತ್ಯೇಕ ಕೋಣೆ ಇದೆಯೇ? ಹೌದು. ಮೂರು ಹೊತ್ತು ಊಟ ಸಿಗುತ್ತಿದೆಯೇ? ಹೌದು. ಕಾಲೇಜಿನಿಂದ ಏನಾದರೂ ನೆರವು ಬೇಕೇ? ಬೇಡ. ಇಡೀ ಕಾಲೇಜಿನಲ್ಲಿ ಒಬ್ಬರದೂ ದೂರಿಲ್ಲ. ಬಹಳ ಸಂತೋಷ. ಹಾಗಾಗಿ ಕ್ಯಾಂಟೀನಿನ ಮಧ್ಯಾಹ್ನದ ಉಚಿತ ಊಟ ಈಗ ತಾತ್ಕಾಲಿಕವಾಗಿ ನಿಂತಿದೆಯಲ್ಲ, ಅದನ್ನು ಪೂರ್ತಿ ಕೈಬಿಡ್ತಿದೀವಿ. ಎಲ್ಲರೂ ಮನೇಲೇ ಉಣ್ತಿದೀರಲ್ಲ!”

ನನ್ನ ಕಾಲು ತಾನಾಗಿ ನಿಂತಿತು.

ಕಾಲೇಜಿನಲ್ಲಿ ಊಟ ಸಿಗುತ್ತಿದ್ದ ದಿನಗಳಲ್ಲಿ ಮಗಳ ಕೆನ್ನೆ ತುಂಬಿಕೊಂಡಿತ್ತು. ಈಗ ಮಧ್ಯಾಹ್ನ ಅಪ್ಪನ ತಟ್ಟೆಗೆ ಬಡಿಸಿ, ‘ನಂಗೆ ಹಸಿವಿಲ್ಲಮ್ಮ, ಕೂತಲ್ಲೇ ಕೂತಿರ್ತೀನಲ್ಲ’ ಎನ್ನುತ್ತಾಳೆ. ಹಸಿವಿಲ್ಲದವಳು ಯಾಕೆ ಎರಡು ಲೋಟ ನೀರು ಕುಡಿದು ಪಾಠಕ್ಕೆ ಕೂರುತ್ತಾಳೆ? ತಾಯಿಗೆ ತಿಳಿಯುವುದಿಲ್ಲವೆಂದುಕೊಂಡಿದ್ದಾಳೆ.

“ಗುಬ್ಬಿ, ನೀನೇನು ಬರೆದಿದ್ದೆ ಫಾರಂನಲ್ಲಿ?” ಎಂದು ಪಿಸುಗುಟ್ಟಿದೆ.

ಅವಳು ಫೋನಿನ ಮೈಕು ಮುಚ್ಚಿದೆಯೇ ಎಂದು ಎರಡು ಸಲ ನೋಡಿದಳು. “ಎಲ್ಲದಕ್ಕೂ ಒಳ್ಳೆ ಉತ್ತರಾನೇ.”

“ಯಾಕೆ?”

“ಫಾರಂ ತುಂಬಿ ಕ್ಲಾಸ್ ಗ್ರೂಪಿಗೇ ಹಾಕಿ ಅಂದಿದ್ರಮ್ಮ. ಹೆಸರು ಸಮೇತ. ತೊಂಬತ್ತು ಜನ ನೋಡೋ ಕಡೆ ‘ನಮ್ಮನೇಲಿ ಊಟ ಸಾಲಲ್ಲ’ ಅಂತ ಯಾರು ಬರೀತಾರೆ? ಮೊದಲನೇವ್ಳು ‘ಹೌದು’ ಅಂದ್ಲು. ಅದನ್ನ ನೋಡಿ ಎರಡನೇವ್ಳು ‘ಹೌದು’ ಅಂದ್ಲು. ನಾನೂ ಅಂದೆ.”

ನನ್ನ ಕೋಪ ಅವಳ ಮೇಲಲ್ಲ. ತೊಂಬತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ‘ನಿಮ್ಮಲ್ಲಿ ಹಸಿದವರು ಯಾರು, ಕೈ ಎತ್ತಿ’ ಎಂದವರ ಮೇಲೆ. ಒಂದೂ ಕೈ ಏಳದ್ದನ್ನು ಕಂಡು ಸಂತೋಷಪಟ್ಟವರ ಮೇಲೆ. ಒಬ್ಬೊಬ್ಬರನ್ನೇ ಕರೆದು ಮೆಲ್ಲಗೆ ಕೇಳಲು ಎಷ್ಟು ಹೊತ್ತು ಬೇಕಿತ್ತು? ಮನೆಗೊಂದು ಫೋನ್ ಮಾಡಿದ್ದರೆ ನಾನೇ ಹೇಳುತ್ತಿದ್ದೆ.

“ಕೊಡಿಲ್ಲಿ ಆ ಫೋನ್,” ಎಂದು ಎದ್ದೆ. ಮಡಿಲಲ್ಲಿದ್ದ ಕವರುಗಳು ನೆಲಕ್ಕೆ ಬಿದ್ದವು. “ಯಾವನವನು ಸಂತೋಷಪಟ್ಟವನು? ನಾನು ಮಾತಾಡ್ತೀನಿ.”

“ಅಮ್ಮ, ಬೇಡ.” ನನ್ನ ಮಣಿಕಟ್ಟು ಹಿಡಿದಳು. ಅವಳ ಬೆರಳು ತಣ್ಣಗಿದ್ದವು. “ನೀನು ಕಾಲೆತ್ತಿದ್ರೆ ಸಾಕು.”

“ರೀಡಿಂಗ್ ಹಾಲ್ ವಿಷಯ ತೆಗೀಬೇಡ ಕಣೇ,” ಎಂದೆ ನಾನೇ, ಇದ್ದಕ್ಕಿದ್ದಂತೆ ಭಯಬಿದ್ದು. “ಅದು ಖಾಲಿ ಇದೆ ಅಂತ ಹೇಳಿದ್ದು ಯಾರು ಅಂತ ಅವರಿಗೆ ಗೊತ್ತಾಗದೇ ಇರುತ್ತಾ? ಅಪ್ಪನ ಕೆಲಸ...”

ಇವರು ಗೋಡೆಗೆ ಒರಗಿ ಮಗಳನ್ನೇ ನೋಡುತ್ತಿದ್ದರು. ಮೊಳೆಗೆ ನೇತುಹಾಕಿದ್ದ ಸಮವಸ್ತ್ರದ ಅಂಗಿ ತೆಗೆದು ಬನಿಯನ್ನಿನ ಮೇಲೆ ತೊಟ್ಟು, ಮೇಲಿನ ಗುಂಡಿಯವರೆಗೂ ಹಾಕಿಕೊಂಡರು. ಚಾಪೆ ಸುತ್ತಿಡಲಿಲ್ಲ.

“ಕೇಳಿಬಿಡು, ಮಗಳೇ,” ಎಂದರು. “ಹಿಂದೆ ನಾನಿರ್ತೀನಿ. ಕಂಡ್ರೆ ಕಾಣ್ಲಿ.”

“ಯಾರಿಗಾದರೂ ಪ್ರಶ್ನೆ ಇದೆಯಾ?” ಎಂದರು ಫೋನಿನೊಳಗೆ ಪ್ರಿನ್ಸಿಪಾಲರು. “ಇಲ್ಲ ತಾನೇ? ಹಾಗಾದ್ರೆ...”

ಮಗಳ ಎಡಗೈ ಮೇಲೆದ್ದಿತು. ನನ್ನ ಕಾಲು ಆಗಲೇ ನೆಲದ ಮೇಲಿತ್ತು. ಬಲಗೈಯಿಂದ ಅವಳು ಕ್ಯಾಮೆರಾ ಹಾಕಿದಳು. ಆ ಪುಟ್ಟ ಚೌಕದಲ್ಲಿ ನಾವೆಲ್ಲ ಒಮ್ಮೆಗೇ ಬೆಳಗಿದೆವು. ಅವಳ ಮುಖ, ಹಿಂದೆ ಚಾಪೆ, ಚಾಪೆಯ ಮೇಲೆ ಸಮವಸ್ತ್ರದ ಕಾವಲುಗಾರ, ಪಕ್ಕದಲ್ಲಿ ಹೊಲಿಗೆ ಯಂತ್ರ, ನೆಲದ ತುಂಬ ಬಿಳಿ ಕವರುಗಳು. ಬೆಳಗಿನ ಮೇಡಂ ಮುಖವೂ ಒಂದು ಚೌಕದಲ್ಲಿತ್ತು. ಅವರು ಕನ್ನಡಕ ಸರಿಪಡಿಸಿಕೊಂಡು ಮುಂದಕ್ಕೆ ಬಾಗಿದರು.

“ಸರ್,” ಎಂದಳು. ಮೈಕು ತೆರೆದಿದೆಯೇ ಎಂದು ಒಮ್ಮೆ ನೋಡಿದಳು.

“ಸರ್, ನಾನು ಫಾರಂನಲ್ಲಿ ಸುಳ್ಳು ಬರೆದಿದ್ದೆ. ನಮ್ಮನೇಲಿ ಇನ್ನೊಂದು ರೂಮಿಲ್ಲ. ಮಧ್ಯಾಹ್ನ ನಾನು ಉಣ್ಣಲ್ಲ. ಗೇಟಿನ ಪಕ್ಕ ಅರವತ್ತು ಕುರ್ಚಿ ಖಾಲಿ ಇವೆ, ಸರ್. ಅವು ನಮಗಲ್ದೆ ಇನ್ಯಾರಿಗೆ?”