ಡಿಕ್ಕಿಯ ರಬ್ಬರು

ಹಳೇ ಕಾರಿನವರ ಪಾಲಿಗೆ ಅವಳು ರಬ್ಬರಕ್ಕ. ಕಂಪನಿಗಳು ಎಂದೋ ಕೈಬಿಟ್ಟ ಕಾರುಗಳ ಬಾಗಿಲಿಗೆ, ಗಾಜಿಗೆ, ಡಿಕ್ಕಿಗೆ ರಬ್ಬರು ಒತ್ತಿಕೊಡುವವಳು ಸುತ್ತಮುತ್ತಲೆಲ್ಲ ಅವಳೊಬ್ಬಳೇ. ಒಂದೇ ಒಂದು ಕಟ್ಟುನಿಟ್ಟು: ಹರಿದ ಹಳೇದನ್ನು ತಂದು ತೋರಿಸಿದರೆ ಮಾತ್ರ ಹೊಸದು. ಬರೀ ಬಾಯಿಮಾತಿಗೆ ಅವಳು ಸೊಪ್ಪು ಹಾಕುವವಳಲ್ಲ ಬಿಡಿ.

ಈ ವರ್ಷ ಮಾತ್ರ ಆರ್ಡರುಗಳೇ ಇಲ್ಲ. ಯಂತ್ರ ಒಮ್ಮೆ ಕಾಯಿಸಿದರೆ ಒಂದೇ ಅಚ್ಚಿನವು ಹತ್ತಾದರೂ ತೆಗೆಯಬೇಕು, ಇಲ್ಲದಿದ್ದರೆ ನಷ್ಟ. "ಯಂತ್ರ ಮಾರಿ ಹಾಯಾಗಿರೇ" ಎಂದು ಗಂಡ ದಿನಾ ತಲೆ ತಿನ್ನುತ್ತಿದ್ದ. ಕೊನೆಗವಳು, "ಶನಿವಾರ ಮಧ್ಯಾಹ್ನದೊಳಗೆ ಒಂದೇ ಅಚ್ಚಿಗೆ ಹತ್ತು ಆರ್ಡರ್ ಬರದಿದ್ರೆ ಲಾರಿ ಕರೆಸಿ" ಎಂದುಬಿಟ್ಟಳು. ಅಂದವಳೇ ಯಂತ್ರದ ಧೂಳು ಒರೆಸತೊಡಗಿದಳು. ಬಾಗಿಲಲ್ಲಿ ನಿಂತಿದ್ದ ಹಲ್ಲಿನ ಡಾಕ್ಟರು ಅದನ್ನು ಕೇಳಿಸಿಕೊಂಡರು.

ಸೋಮವಾರ ಡಾಕ್ಟರೇ ಬಂದರು. ತಮ್ಮ ನೀಲಿ ಕಾರಿನ ಡಿಕ್ಕಿಯ ರಬ್ಬರೆಂದು ಗೇಣುದ್ದದ ತುಂಡು ಕೊಟ್ಟರು.

"ಮಿಕ್ಕಿದ್ದೆಲ್ಲಿ?"

"ಇಲಿ ತಿಂದಿದೆ."

ಮಂಗಳವಾರ ಹೆಡ್‌ಮಾಸ್ಟರು ಇನ್ನೊಂದು ತುಂಡು ತಂದು, "ನನ್ನ ಡಿಕ್ಕಿದೂ ಇದೇ ಕಥೆ" ಎಂದರು.

"ಇಲೀನಾ?"

"ಇಲೀನೇ."

ಅವರ ಕಾರಿನ ಡಿಕ್ಕಿಯ ಆಕಾರವೇ ಬೇರೆ. ಅವಳೇ ರಬ್ಬರು ಕೂರಿಸಿದ್ದಲ್ಲವೇ. ಆದರೂ ಬರೆದುಕೊಂಡಳು. ಆಮೇಲೆ ಟೈಲರು, ಅವನ ಹಿಂದೆ ನರ್ಸಮ್ಮ. ಶುಕ್ರವಾರದ ಹೊತ್ತಿಗೆ ಒಂಬತ್ತು ಜನ, ಒಂಬತ್ತು ತುಂಡು, ಒಂದೇ ಇಲಿ.

ಶನಿವಾರ ಬೆಳಿಗ್ಗೆ ತುಂಡುಗಳನ್ನು ನೆಲದ ಮೇಲೆ ಹರಡಿದಳು. ಎಲ್ಲದರ ತುದಿಯೂ ಬ್ಲೇಡಿನಲ್ಲಿ ನೀಟಾಗಿ ಕೊಯ್ದದ್ದು. ಒಂದರ ತುದಿಯಲ್ಲಿ ನಿಂತ ನೀಲಿ ಬಣ್ಣದ ಕಲೆ ಇನ್ನೊಂದರಲ್ಲಿ ಮುಂದುವರಿಯುತ್ತಿತ್ತು. ಜೋಡಿಸಿದಂತೆಲ್ಲ ಡಾಕ್ಟರ ಡಿಕ್ಕಿಯ ಸುತ್ತು ಮೂಡಿತು. ನನ್ನ ಯಂತ್ರ ಉಳಿಸಲಿಕ್ಕೆ ಒಳ್ಳೇ ರಬ್ಬರು ಕತ್ತರಿಸಿದ್ದಾರಲ್ಲ ಈ ದೊಡ್ಡ ಮನುಷ್ಯರು, ಎಂದು ನಕ್ಕೂ ನಕ್ಕೂ ಪಕ್ಕೆ ಹಿಡಿದುಕೊಂಡಳು. ಇಷ್ಟು ಖುಷಿ ಅವಳಿಗೆ ಯಾವ ಆರ್ಡರಿನಿಂದಲೂ ಆಗಿರಲಿಲ್ಲ.

ಸುತ್ತು ಮಾತ್ರ ಪೂರ್ತಿಯಾಗಲಿಲ್ಲ. ಒಂದು ಗೇಣು ಖಾಲಿ. ಒಂಬತ್ತಕ್ಕೆ ಒತ್ತಿದರೆ ಆಡಿದ ಮಾತಿಗೆ ಬೆಲೆ ಎಲ್ಲಿ? ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು.

ಗಂಡ ಒಳಗೆ ಬಂದ. ಪ್ಯಾಂಟಿನ ಜೇಬಿನಿಂದ ಏನನ್ನೋ ಎಳೆದು ಆ ಖಾಲಿ ಜಾಗದಲ್ಲಿಟ್ಟ. ಸರಿಯಾಗಿ ಕೂತಿತು.

"ನಂದೂ ಒಂದು ಬರ್ಕೋ. ಸೋಮವಾರದಿಂದ ಜೇಬಲ್ಲಿಟ್ಕೊಂಡು ತೊಡೆಯೆಲ್ಲ ತುರಿಕೆ."

"ನಿಮಗೆ ಸೈಕಲ್ಲೂ ಇಲ್ಲವಲ್ರೀ."

"ಅದನ್ನೂ ಇಲಿ ತಿಂತು," ಎಂದ ಗಂಡ. "ಲಾರಿಯವನಿಗೆ ಬರಬೇಡ ಅಂದಿದೀನಿ. ಯಂತ್ರ ಕಾಯಕ್ಕೆ ಹಾಕು."