ನೀರಿನಲ್ಲಿ ನಿಂತ ಕುರಿಗಳು

ಮರಳು ಚಪ್ಪಲಿಯೊಳಗೆ ನುಗ್ಗುತ್ತದೆ, ಎಲ್ಲಿಂದಲೋ ಟಿಪ್ಪರಿನಲ್ಲಿ ತಂದು ದಡ್ಡಿ ಊರಿನಾಚೆಯ ಹಿನ್ನೀರಿನ ದಂಡೆಗೆ ಸುರಿದ ಮರಳು, ಇದಕ್ಕೆ ಬೀಚ್ ಅಂತ ಹೆಸರು ಬೇರೆ, ಸಿದ್ರಾಯ ಕಾಲು ಜಾಡಿಸುತ್ತಾನೆ, ಬಗಲಚೀಲದ ಸುತ್ತಿಗೆ ಪಕ್ಕೆಗೆ ಬಡಿಯುತ್ತದೆ — ಗೇಟಿನಲ್ಲಿ ವಾಚ್‌ಮನ್ ಶಿದ್ಲಿಂಗಪ್ಪ ಚೀಲ ನೋಡಲಿಲ್ಲ, ಮುಖ ನೋಡಿದ, ಫಕೀರವ್ವನ ಮಗ ಅಲ್ಲೇನೋ ತಮ್ಮಾ, ಮತ್ಯಾಕ ಬಂದಿ, ಇರಲಿ, ಟಿಕೇಟ ಬ್ಯಾಡ, ಹೋಗು — ತಾಯಿಯನ್ನು ನುಂಗಿದವರು ಮಗನಿಗೆ ಟಿಕೇಟು ಬಿಡುತ್ತಾರೆ, ಎಂಥ ದೊಡ್ಡ ಮನಸ್ಸು! ಅಗೋ ನಿಂತಿವೆ, ದಂಡೆಯಿಂದ ನಾಲ್ಕು ಮಾರು ಒಳಗೆ, ಹೊಟ್ಟೆಮಟ್ಟ ನೀರಿನಲ್ಲಿ, ಸಿಮೆಂಟಿನ ಕರಿ ಕುರಿಗಳು, ಯಾವನೋ ಶ್ಯಾಣ್ಯಾ ಕಂಬದ ಮೇಲೆ ಕೂರಿಸಿದ್ದು, ಫೋಟೋಕ್ಕೆ ಚಂದ ಅಂತ, ಕುರಿ ಹೊಟ್ಟೆಮಟ್ಟ ನಿಂತಿದ್ದರೆ ಅಲ್ಲಿಯವರೆಗೆ ನೆಲ ಗಟ್ಟಿ ಎಂದು ತಿಳಿದೇ ಬೆಳೆದ ಕುರುಬರ ಹೆಂಗಸು ಅವ್ವ, ಅವಳಿಗೆ ಕಂಬದ ಬುಡ ಎರಡಾಳು ಆಳದಲ್ಲಿದೆ ಎಂದು ಯಾರು ಹೇಳಬೇಕಿತ್ತು, ಬಾಜೂದಲ್ಲಿ ಹೊಸ ಜೋಡಿಯೊಂದು ಕಿಸಕಿಸ ನಗುತ್ತದೆ, ರೀ, ಕುರಿ ಬರೂಹಂಗ ತಗೀರಿ, ನನ್ನ ಹೊಟ್ಟಿ ಬ್ಯಾಡ, ಹೊಟ್ಟಿ ಬಿಟ್ರ ಫೋಟೋದಾಗ ಏನೂ ಉಳಿಯಂಗಿಲ್ಲ ತಗೋ — ಒಡೆಯಬೇಕು, ಮೊದಲು ಆ ಮುಂದಿನ ಕುರಿಯ ತಲೆ.

ಕುರಿ ಕಾಯಲೆಂದೇ ನಾಲ್ಕನೇ ಇಯತ್ತೆಗೆ ಅವನನ್ನು ಶಾಲೆ ಬಿಡಿಸಿದ್ದರು, ಅಪ್ಪ ಸತ್ತದ್ದೇ ತಡ ಆ ಕುರಿಗಳನ್ನೇ ಮಾರಿ ಟೆಂಪೊ ತಂದ, ಕಣಗಲಾ ಹೈವೇಯಲ್ಲಿ ಓಡಿಸಿದ, ಅವ್ವ ಮಾತ್ರ ದಿನಾ ಎದ್ದು ಖಾಲಿ ದೊಡ್ಡಿ ಗುಡಿಸುತ್ತಿದ್ದಳು, ಒಂದು ಹಿಕ್ಕೆಯೂ ಇಲ್ಲದ ನೆಲ, ಅದನ್ನು ನೋಡಲಾರದೆ ಹೋದ ರವಿವಾರ ಅವಳನ್ನು ಇಲ್ಲಿಗೆ ಕರೆತಂದದ್ದು, ಈಗ ಸುತ್ತಿಗೆ ಹಿಡಿದು ನೀರಿಗಿಳಿಯುತ್ತಾನೆ, ಹಿಂದಿನಿಂದ ಶಿದ್ಲಿಂಗಪ್ಪ ಓಡಿ ಬರುತ್ತಾನೆ, ಏ ತಮ್ಮಾ, ಬ್ಯಾಡೋ, ಸಿಮಿಟಿಗೇನ ತಿಳಿತೈತಿ, ಮುದುಕಿಗಿ ಕಣ್ಣ ಕಾಣಲಿಲ್ಲ ಪಾಪ — ಎಲ್ಲರೂ ಇದನ್ನೇ ಹೇಳಿದರು, ಮಣ್ಣಿಗೆ ಬಂದವರೆಲ್ಲ, ಕಣ್ಣಾಗ ಪೊರಿ ಬಂದಿತ್ತು, ಕಾಣಲಿಲ್ಲ, ಅವನೂ ಹೂಂ ಅಂದ, ಆದರೆ ಕಾಣದ್ದಕ್ಕೇ ಅಲ್ಲವೇ ಅವಳು ಕೇಳಿದ್ದು, ಸಿದ್ರಾ, ನೀರಾಗ ನಿಂತಾವಲ್ಲ, ಯಾರ ಕುರಿನೋ ಅವು, ಅವನ ಕಣ್ಣು ಫೋನಿನಲ್ಲಿ, ಬಾಯಲ್ಲಿ ಬಿಸಿ ಮಿರ್ಚಿ, ನಗುತ್ತ ಅಂದ, ನಮ್ಮವಽ ಬೇ, ತಿರುಗಿ ಬಂದಾವ, ಹೋಗಿ ಹೊಡ್ಕೊಂಡ ಬಾ, ಖರೇನೋ, ಖರೆ ಬೇ, ಖರೆ — ತಲೆ ಎತ್ತಲಿಲ್ಲ, ಮಿರ್ಚಿ ಮುಗಿಯುವವರೆಗೆ ತಲೆ ಎತ್ತಲಿಲ್ಲ, ಯಾರಿಗೂ ಹೇಳಲಿಲ್ಲ, ಈಗ ಈಜಿ ಬಂದಿದ್ದಾನೆ, ಮುಂದಿನ ಕುರಿ ಕೈಯಳತೆಯಲ್ಲಿದೆ, ಒಂದು ಏಟು ಸಾಕು, ತೋಳು ಮೇಲೇಳುವುದಿಲ್ಲ, ನೀರು ತಿಳಿಯಾಗಿದೆ, ಕೆಳಗೆ ಅದರ ಹಿಂಗಾಲು ಕಾಣುತ್ತದೆ, ನೀರಿಗೆ ಬಿದ್ದ ಕುರಿಯನ್ನು ಹಿಂಗಾಲು ಹಿಡಿದೇ ಎಳೆಯಬೇಕು, ಅವ್ವನೂ ಅಂದು ಹಾಗೇ ಹಿಡಿದಿದ್ದಳು, ಹೆಣ ತೆಗೆಯಲು ಮುಳುಗು ಹಾಕಿದವರು ಬಿಡಿಸಲಾರದೆ ಮೇಲೆ ಬಂದು ನಿನ್ನ ಅವ್ವ ಬಿಡವಲ್ಲಳೋ ಅಂದರು, ಇವನೇ ಇಳಿದ, ಕಿರುಬೆರಳು ಬಿಡಿಸಿದ, ಉಂಗುರದ ಬೆರಳು, ನಡುವಿನದು, ತೋರುಬೆರಳು, ಹೆಬ್ಬೆರಳು ಬರಲಿಲ್ಲ, ಸಿಮೆಂಟಿನ ಕಾಲಿಗೆ ಹೆಬ್ಬೆರಳು, ಎಳೆದ, ಹೆಬ್ಬೆರಳು, ಹೆಬ್ಬೆರಳು —